ಜಲ್ಲಿ ತೊಟ್ಟಿಯ ಉಪ್ಪಿನ ಋಣ

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯನ್ನು ನಾನು ಹುಡುಗನಾಗಿದ್ದಾಗಿನಿಂದ ಕೇಳಿದ್ದೇನೆ. ಕನ್ನಡ ಮೇಷ್ಟರು ರಜೆ ಹಾಕಿದ ದಿನ ಅವರ ಪೀರಿಯಡ್ಡಿಗೆ ಹೋಗಿ, ಬೇರೇನೂ ತೋಚದೆ, ಇದನ್ನೇ ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ಕಿಟಕಿಯಾಚೆ ನೋಡುತ್ತಾ ಕೂತದ್ದೂ ಉಂಟು. ನಾನು ವಿಜ್ಞಾನದ ಮೇಷ್ಟ್ರು. ಉಪ್ಪೆಂದರೆ ನನಗೆ ಸೋಡಿಯಂ ಮತ್ತು ಕ್ಲೋರಿನ್ ಸೇರಿ ಆದ ಪದಾರ್ಥ. ಅದರಲ್ಲಿ ಋಣ ಎಂಬ ಮೂರನೆಯ ಧಾತುವೊಂದಿದೆ ಎಂದು ನನಗೆ ಯಾರೂ ಪಾಠ ಮಾಡಿರಲಿಲ್ಲ. ಅದನ್ನು ಕಲಿಸಿದವರು ನಮ್ಮ ಬಾಡಿಗೆ ಮನೆಯ ಒಡತಿ ಗಂಗಮ್ಮನವರು, ನನ್ನ ಹೆಂಡತಿ ಶಾರದ, ಕೆಂಪಿ ಎಂಬ ಹಸು, ಮತ್ತು ಕಣ್ಣಿಗೆ ಕಾಣದ ಅದೆಷ್ಟೋ ಕೋಟಿ ಜೀವಗಳು. ಮುಪ್ಪು ಆಗಲೇ ನಮ್ಮ ಬಾಗಿಲಿಗೆ ಬಂದು ಚಪ್ಪಲಿ ಬಿಡುತ್ತಿರುವುದರಿಂದ, ಗಾದೆ ಕೊಟ್ಟ ವಾಯಿದೆ ಮುಗಿಯುವ ಮುಂಚೆ ಅವರನ್ನೆಲ್ಲ ಒಮ್ಮೆ ನೆನೆದುಬಿಡೋಣ ಎಂದು ಕೂತಿದ್ದೇನೆ.

ಆಗ ನಾವು ತಿಪಟೂರಿನ ಅಂಚಿನಲ್ಲಿ ಗಂಗಮ್ಮನವರ ಮನೆಯಲ್ಲಿ ಬಾಡಿಗೆಗಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮುಂದಿನ ಅರ್ಧದಲ್ಲಿ ಅವರು, ಹಿಂದಿನ ಅರ್ಧದಲ್ಲಿ ನಾವು. ಹಿತ್ತಲಿನಾಚೆ ಅವರ ತೆಂಗಿನ ಮರಗಳು. ಗಂಗಮ್ಮನವರು ಗಂಡನನ್ನು ಕಳೆದುಕೊಂಡ ಮೇಲೆ ತೋಟ, ಮನೆ, ಕೊಬ್ಬರಿ ವ್ಯಾಪಾರ ಎಲ್ಲವನ್ನೂ ಒಬ್ಬರೇ ನೋಡಿಕೊಂಡವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಬೈಯುವಾಗ ಕೂಡ ಕುಶಲ ಕೇಳಿದ ಹಾಗೆ ಬೈಯುತ್ತಿದ್ದರು. ನಮ್ಮ ಮಗಳು ಹುಟ್ಟಿದಾಗ ನನ್ನ ಮಾವನವರು ಅರಳಗುಪ್ಪೆಯಿಂದ ಹಸುವೊಂದನ್ನು ಹೊಡೆಸಿಕೊಂಡು ಬಂದು ಹಿತ್ತಲಿನಲ್ಲಿ ಕಟ್ಟಿ ಹೋದರು. ಅದೇ ಕೆಂಪಿ. ಮೊಮ್ಮಗಳು ಪುಡಿ ಹಾಲು ಕುಡಿಯಬಾರದು ಎಂಬುದು ಅವರ ವಾದ. ಹಾಲು ಚೆನ್ನಾಗಿತ್ತು. ಆದರೆ ಹಸು ಹಾಲನ್ನು ಮಾತ್ರ ಕೊಡುತ್ತದೆ ಎಂದು ಪ್ರಾಥಮಿಕ ಶಾಲೆಯ ಪುಸ್ತಕದಲ್ಲಿ ಬರೆದವರು ಯಾರೂ ಹಸುವಿನ ಪಕ್ಕದಲ್ಲಿ ಮಲಗಿದವರಲ್ಲ. ಕೊಟ್ಟಿಗೆ ತೊಳೆದ ನೀರೂ ಬಚ್ಚಲ ನೀರೂ ಸೇರಿ ಹಿತ್ತಲಿನ ಮೋರಿಯಲ್ಲಿ ನಿಲ್ಲುತ್ತಿತ್ತು. ಗಂಜಲದ ಘಾಟು ಬೇಸಿಗೆಯಲ್ಲಿ ಕಣ್ಣು ಉರಿಸುವಷ್ಟು ಏರಿತು.

ಒಂದು ದಿನ ಗಂಗಮ್ಮನವರು ಬಂದು ಜಗಲಿಯ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು, “ಮೇಷ್ಟ್ರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ. ನೀವು ಒಳ್ಳೇರು. ನಿಮ್ಮ ಹಸೂನೂ ಒಳ್ಳೇದು. ನಾತ ಮಾತ್ರ ಒಳ್ಳೇದಲ್ಲ ಕಣ್ರೀ. ಹಸೂನ ಊರಿಗೆ ಕಳಿಸ್ಬುಡಿ,” ಎಂದರು. ಅವರು ಹೋದ ಮೇಲೆ ಶಾರದ ಅಳಲಿಲ್ಲ, ಕೂಗಾಡಲಿಲ್ಲ. ಒಲೆಗೆ ಸೌದೆ ಒಡ್ಡುತ್ತಾ, “ಕಳಿಸಿ, ಅದಕ್ಕೇನಂತೆ. ಹೊಡ್ಕೊಂಡು ಹೋಗಾಕೆ ಆಳು ಹುಡುಕಬ್ಯಾಡಿ. ನಾನೇ ಹಗ್ಗ ಹಿಡ್ಕೊಂಡು ಅರಳಗುಪ್ಪೆಗೆ ಹೋಯ್ತೀನಿ. ನೀವು ಹೋಟ್ಲಲ್ಲಿ ಉಂಡ್ಕೊಂಡು ಸುಖವಾಗಿರಿ,” ಎಂದಳು. ತವರಿನ ಹಸು ಎಂದರೆ ತವರೇ ಬಂದು ಹಿತ್ತಲಲ್ಲಿ ನಿಂತ ಹಾಗೆ ಎಂಬುದು ಗಂಡಸರಿಗೆ ಸ್ವಲ್ಪ ತಡವಾಗಿ ತಿಳಿಯುತ್ತದೆ. ನನಗೆ ಆ ಸಂಜೆಯೇ ತಿಳಿಯಿತು.

ಕಷ್ಟ ಬಂದಾಗ ಕೆಲವರಿಗೆ ದೇವರು ನೆನಪಾಗುತ್ತಾನೆ; ನನಗೆ ಮೈಸೂರಿನಲ್ಲಿ ಪಾಠ ಮಾಡಿದ ಪ್ರೊಫೆಸರೊಬ್ಬರು ನೆನಪಾದರು. ಕೊಳಚೆ ನೀರನ್ನು ಕಲ್ಲುಗಳ ಮೇಲೆ ತೊಟ್ಟಿಕ್ಕಿಸಿದರೆ, ಕಲ್ಲಿನ ಮೇಲೆ ಲೋಳೆ ಕಟ್ಟುತ್ತದೆ, ಆ ಲೋಳೆಯೊಳಗೆ ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ, ಅವು ನೀರನ್ನು ಶುದ್ಧ ಮಾಡುತ್ತವೆ ಎಂದು ಅವರು ಹೇಳಿದ್ದರು. ನಾನು ಒಂದು ಭಾನುವಾರ ಹಳೆಯ ಇಟ್ಟಿಗೆಗಳನ್ನು ಕಟ್ಟಿ ಎದೆಮಟ್ಟದ ತೊಟ್ಟಿ ಮಾಡಿದೆ. ಅದರ ತುಂಬ ದಪ್ಪ ಜಲ್ಲಿ ಕಲ್ಲು. ಮೇಲೆ ತೂತು ಕೊರೆದ ಸೀಮೆಎಣ್ಣೆ ಡಬ್ಬ. ಕೊಟ್ಟಿಗೆಯೂ ಬಚ್ಚಲೂ ಎತ್ತರದಲ್ಲಿದ್ದದ್ದು ನನ್ನ ಪುಣ್ಯ: ಸಗಣಿ ತಂಗಲೊಂದು ಗುಂಡಿ, ಅಲ್ಲಿಂದ ನೀರು ಡಬ್ಬಕ್ಕೆ, ಡಬ್ಬದಿಂದ ಹನಿ ಹನಿಯಾಗಿ ಕಲ್ಲಿನ ಮೇಲೆ, ತಳದಿಂದ ಕಾಲುವೆಗೆ, ಕಾಲುವೆಯಿಂದ ಗಂಗಮ್ಮನವರ ಮರಗಳ ಪಾತಿಗೆ. ಮೊದಲ ಕೆಲವು ವಾರ ಏನೂ ಆಗಲಿಲ್ಲ. ಶಾರದ ಅತ್ತ ಹೋದಾಗಲೆಲ್ಲ ನನ್ನನ್ನು ಒಮ್ಮೆ, ತೊಟ್ಟಿಯನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದಳು. ಆಮೇಲೆ ಕಲ್ಲುಗಳ ಮೇಲೆ ಕಂದು ಬಣ್ಣದ ಲೋಳೆ ಕಟ್ಟಿತು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ ಘಾಟೇ ಇಲ್ಲ. ಮಣ್ಣಿನ ವಾಸನೆ, ಅಷ್ಟೇ.

ಮೇಷ್ಟರ ಜಾತಿಗೆ ಗೆಲುವು ಬಂದರೆ ಪಾಠ ಮಾಡದೆ ಬಿಡಲಾಗುವುದಿಲ್ಲ. ಗಂಗಮ್ಮನವರನ್ನು ತೊಟ್ಟಿಯ ಮುಂದೆ ನಿಲ್ಲಿಸಿಕೊಂಡು ಹೇಳಿದೆ: “ಈ ಲೋಳೆ ಇದೆಯಲ್ಲ ಅಮ್ಮಾ, ಇದರಲ್ಲಿ ಎರಡು ಪಂಗಡದ ಆಳುಗಳಿವೆ. ಮೊದಲನೇ ಪಂಗಡ ಗಂಜಲದ ಘಾಟನ್ನು ಮುರಿದು ಒಂದು ಬಗೆಯ ವಸ್ತು ಮಾಡಿ ಎರಡನೇ ಪಂಗಡಕ್ಕೆ ಕೊಡ್ತದೆ. ಎರಡನೇದು ಅದನ್ನ ನೈಟ್ರೇಟ್ ಮಾಡ್ತದೆ. ಅದೇ ನಿಮ್ಮ ಮರಕ್ಕೆ ಗೊಬ್ಬರ.” ಗಂಗಮ್ಮನವರು ಕಣ್ಣು ಕಿರಿದು ಮಾಡಿ ಕಲ್ಲನ್ನು ನೋಡಿ, “ಸಂಬಳ?” ಎಂದರು. “ಸಂಬಳ ಇಲ್ಲ, ಊಟ ನಮ್ಮ ಕೊಟ್ಟಿಗೇಲಿ,” ಎಂದೆ. “ಇಂಥ ಆಳು ನನಗೆ ಕಾಯಿ ಕೀಳಾಕೆ ಸಿಗ್ನಿಲ್ವಲ್ಲ,” ಎಂದು ಅವರು ನಕ್ಕರು. ನಾನು ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ನಿಲ್ಲಿಸದೆ, “ಇನ್ನೊಂದು ಅನುಕೂಲ ಅಮ್ಮಾ, ಈ ತೊಟ್ಟಿಗೆ ಏನು ಬಿತ್ತೋ ಅದು ಎಲ್ಲ ಮರಕ್ಕೂ ಸಮನಾಗಿ ಹಂಚಿ ಹೋಗ್ತದೆ,” ಎಂದುಬಿಟ್ಟೆ. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಗಂಗಮ್ಮನವರು ಇಟ್ಟುಕೊಂಡರು.

ಅಲ್ಲಿಂದ ಮುಂದೆ ಒಂದಷ್ಟು ತಿಂಗಳು ನಮ್ಮದು ಸುಖದ ಕಾಲ. ಕೆಂಪಿಯ ವಿಷಯ ಯಾರೂ ಎತ್ತಲಿಲ್ಲ. ಗಂಗಮ್ಮನವರು ಎಳನೀರು ಕೆಡವಿಸಿದ ದಿನ ಮೊದಲ ಗೊನೆ ನಮ್ಮ ಜಗಲಿಗೆ ಬರುತ್ತಿತ್ತು. ಸಂಜೆ ಅವರು ತೊಟ್ಟಿಯ ಪಕ್ಕದ ಕಲ್ಲಿನ ಮೇಲೆಯೇ ಕೂತು ಹೂ ಕಟ್ಟುತ್ತಿದ್ದರು. ಆಷಾಢ ಬಂತು. ಒಂದೆರಡು ಮಳೆ ಬಂದು ನಿಂತಿತು. ಅದರ ಹಿಂದೆಯೇ, ಹೇಳದೆ ಕೇಳದೆ, ನಾತ ಬಂತು. ಮೊದಲು ನಾನು ಒಪ್ಪಲಿಲ್ಲ. ನನ್ನ ಮೂಗಿಗೆ ನೆಗಡಿಯಾಗಿದೆ ಎಂದೆ. “ನೆಗಡಿಯಾದ್ರೆ ವಾಸನೆ ಬರಲ್ಲ ಕಣ್ರೀ, ಬರೋದಲ್ಲ,” ಎಂದಳು ಶಾರದ. ಕಲ್ಲಿನ ಮೇಲಿನ ಲೋಳೆ ಅಲ್ಲಲ್ಲಿ ಬಿಳಿಚಿಕೊಂಡು ಸಿಪ್ಪೆಯ ಹಾಗೆ ಏಳುತ್ತಿತ್ತು. ಯಾರೋ ನನ್ನ ಆಳುಗಳಿಗೆ ವಿಷ ಹಾಕಿದ್ದಾರೆ ಎನ್ನುವುದು ಖಚಿತವಾಯಿತು. ತೊಟ್ಟಿಗೆ ನೀರು ಬಿಡುವವರು ಇಬ್ಬರೇ, ಅವರಲ್ಲಿ ಒಬ್ಬ ನಾನು. ಆದ್ದರಿಂದ ವಿಜ್ಞಾನದ ದಾರಿಯಲ್ಲೇ ನಡೆದು ಹೆಂಡತಿಯನ್ನು, “ಬಚ್ಚಲಿಗೆ ಫಿನಾಯಿಲ್ ಹಾಕಿದೆಯಾ?” ಎಂದು ಕೇಳಿದೆ. ಅವಳು ಸೊಂಟಕ್ಕೆ ಕೈಯಿಟ್ಟುಕೊಂಡು, “ಹಾಕಿದೀನಿ. ನಮ್ಮಪ್ಪ ಕೊಟ್ಟ ಹಸೂನ ಮನೆ ಬುಡಿಸಾಕೆ ನಾನೇ ಹಾಕಿದೀನಿ. ನಿಮ್ಮ ಸಾರಿಗೂ ಒಂದು ಚಮಚ ಹಾಕ್ಲಾ?” ಎಂದಳು. ಆ ರಾತ್ರಿ ಸಾರನ್ನು ನಾನು ಬಹಳ ವಿನಯದಿಂದ ಉಂಡೆ.

ಮಾರನೆಯ ದಿನ ಗಂಗಮ್ಮನವರು ಬಂದರು. ಮೂಗಿಗೆ ಸೆರಗು. “ಮೇಷ್ಟ್ರೇ, ಗೌರಿ ಹಬ್ಬಕ್ಕೆ ಮಗಳೂ ಅಳಿಯಾನೂ ಬತ್ತಾರೆ. ಅಳಿಯಂದ್ರು ಇಲ್ಲೇ ಹಿತ್ತಲ ಜಗಲೀಲಿ ಕೂತ್ಕತಾರೆ. ಹೋದ ಸತಿ ಬಂದಾಗ ಇದೇ ನಾತಕ್ಕೆ ಉಣ್ಣದೆ ಎದ್ದು ಹೋದ್ರು. ಹಬ್ಬದ ಹೊತ್ತಿಗೆ ಇದು ನಿಲ್ಲಬೇಕು. ಇಲ್ಲಾಂದ್ರೆ ಹಸೂನಾದ್ರೂ ಕಳಿಸಿ, ನೀವಾದ್ರೂ ಬೇರೆ ಮನೆ ನೋಡ್ಕಳಿ. ನನಗೂ ಸಂಕಟವೇಯ,” ಎಂದರು. ಸಂಕಟ ಅವರ ಮುಖದಲ್ಲೇ ಇತ್ತು. ಅಷ್ಟರಲ್ಲಿ ಶಾರದ “ಅಯ್ಯೋ, ನೋಡ್ರೀ” ಎಂದಳು. ಕೆಂಪಿ ಗೂಟದಿಂದ ಹಗ್ಗ ಬಿಚ್ಚಿಕೊಂಡು ಬಂದು, ತೊಟ್ಟಿಯೊಳಕ್ಕೆ ಕತ್ತು ಚಾಚಿ, ಜಲ್ಲಿ ಕಲ್ಲುಗಳನ್ನು ಕಣ್ಣು ಮುಚ್ಚಿಕೊಂಡು ನೆಕ್ಕುತ್ತಿತ್ತು. ತಾನು ಬಿಟ್ಟ ಗಂಜಲವನ್ನು ತಾನೇ ನೆಕ್ಕುವಷ್ಟು ಮರ್ಯಾದೆಗೆಟ್ಟ ಹಸುವಲ್ಲ ಅದು. ನಾನು ಬೆರಗಾಗಿ ನೋಡುತ್ತಿದ್ದರೆ ಗಂಗಮ್ಮನವರ ಸೆರಗು ಮೂಗಿನಿಂದ ಜಾರಿತು. “ನೋಡಿ ಮತ್ತೆ,” ಎಂದರು ಹೆಮ್ಮೆಯಿಂದ, “ನಿಮ್ಮ ಹಸೂಗೂ ಗೊತ್ತಾಯ್ತು ನಾನು ಎಂಥ ಉಪ್ಪು ಹಾಕಿದೀನಿ ಅಂತ.”

ತೆಂಗಿನ ಸೀಮೆಯವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರು ಬಿದ್ದೊಡನೆ ಮರದ ಪಾತಿ ಬಿಡಿಸಿ ಬುಡಕ್ಕೆ ಕಲ್ಲುಪ್ಪು ಹಾಕುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು. ಉಪ್ಪು ತಿಂದ ಮರ ಕಾಯಿ ಕಟ್ಟುತ್ತದೆ ಎಂಬ ನಂಬಿಕೆ. ಪ್ರತಿ ವರ್ಷ ಗಂಗಮ್ಮನವರೇ ಬಗ್ಗಿ ಬಗ್ಗಿ ಒಂದೊಂದು ಮರಕ್ಕೂ ಹಾಕುತ್ತಿದ್ದರು. ಈ ವರ್ಷ ಸೊಂಟ ಹಿಡಿದಿತ್ತು. ಆಗ ಅವರಿಗೆ ಬಾಡಿಗೆ ಮನೆಯ ವಿಜ್ಞಾನಿ ಹೇಳಿದ ಮಾತು ನೆನಪಾಗಿದೆ: ತೊಟ್ಟಿಗೆ ಏನು ಬಿತ್ತೋ ಅದು ಎಲ್ಲ ಮರಕ್ಕೂ ಸಮನಾಗಿ ಹಂಚಿ ಹೋಗುತ್ತದೆ. ನಾವು ಹಂದನಕೆರೆಗೆ ಒಂದು ನಾಮಕರಣಕ್ಕೆ ಹೋಗಿದ್ದ ದಿನ, ಮೇಲಿನ ಕಲ್ಲುಗಳನ್ನು ಎತ್ತಿಟ್ಟು, ಮೂಟೆಯಲ್ಲಿದ್ದ ಉಪ್ಪನ್ನೆಲ್ಲ ಸುರಿದು, ಮತ್ತೆ ಕಲ್ಲು ಮುಚ್ಚಿದ್ದರು. ಹನಿ ನೀರಿಗೆ ಅದು ದಿನದಿನವೂ ಕರಗುತ್ತಿತ್ತು. “ಮತ್ತೆ ಹೇಳಲೇ ಇಲ್ಲವಲ್ಲ ಅಮ್ಮಾ?” ಎಂದೆ. “ಅದರಲ್ಲಿ ಹೇಳೋದೇನದೆ ಮೇಷ್ಟ್ರೇ? ಅಂಗಳ ಗುಡಿಸಿದ್ನ ಯಾರಾದ್ರೂ ಬಂದು ಹೇಳ್ತಾರಾ?” ಎಂದರು. ನ್ಯಾಯವಾದ ಮಾತು.

ಮನೆಯ ಒಡತಿಗೆ, ಅದೂ ಮನೆ ಬಿಡಿ ಎಂದು ಈಗಷ್ಟೇ ಹೇಳಿದವರಿಗೆ, ನಾತಕ್ಕೆ ನೀವೇ ಕಾರಣ ಎನ್ನುವುದು ಹೇಗೆ? ನಾನು ಗಂಟಲು ಸರಿಮಾಡಿಕೊಂಡು, ಉಪ್ಪು ಮರಕ್ಕೆ ಒಳ್ಳೆಯದೇ, ಆದರೆ ಲೋಳೆಯಲ್ಲಿರುವ ಜೀವಗಳು ಬಹಳ ಸೂಕ್ಷ್ಮ, ಸುತ್ತಲ ನೀರಿನಲ್ಲಿ ಉಪ್ಪು ಒಮ್ಮೆಲೇ ಏರಿದರೆ ಅವುಗಳ ಮೈಯೊಳಗಿನ ನೀರು ಹೊರಗೆ ಬಂದುಬಿಡುತ್ತದೆ ಎಂದು ಸುತ್ತಿ ಬಳಸಿ ಹೇಳಿದೆ. ಗಂಗಮ್ಮನವರು, “ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ರೆ ನೀರು ಬುಡ್ತದಲ್ಲ, ಹಂಗಾ?” ಎಂದರು. ಹಾಗೇ ಎಂದೆ. ಅವರ ಮುಖ ಬಾಡಿತು. ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡು, “ಶಿವನೇ. ಸಂಬಳ ಇಲ್ಲದೆ ದುಡಿಯೋ ಜೀವಗಳ್ನ ನಾನು ಉಪ್ಪಿನಕಾಯಿ ಹಾಕಿದ್ನಾ?” ಎಂದರು. ಅವರ ದನಿ ಕೇಳಿ ನನಗೆ ನಗು ಬರಲಿಲ್ಲ. “ಎಲ್ಲ ಹೋಗಿಲ್ಲ ಅಮ್ಮಾ. ಕೆಲವು ಮುದುರಿಕೊಂಡು ಕೂತಿರ್ತವೆ. ಚೇತರಿಸಿಕೊಳ್ತವೆ,” ಎಂದೆ. ಹಬ್ಬದೊಳಗೆ ಚೇತರಿಸಿಕೊಳ್ಳುತ್ತವೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಅವರು ಏಳುತ್ತಾ, “ಆದ್ರೂ ಅಳಿಯಂದ್ರಿಗೆ ನಾನು ಏನಂತ ಹೇಳ್ಲಿ? ಹಬ್ಬದ ಗಡುವು ಹಂಗೇ ಇರ್ಲಿ,” ಎಂದರು.

ಇಲ್ಲಿಯವರೆಗೆ ಕೆಟ್ಟದ್ದು ಅವರ ಪ್ರೀತಿಯಿಂದ. ಮುಂದೆ ಕೆಟ್ಟದ್ದು ನನ್ನ ಅವಸರದಿಂದ. ಭಾನುವಾರ ಉಳಿದ ಉಪ್ಪನ್ನು ಕೈಯಲ್ಲಿ ಬಾಚಿ ತೆಗೆದು, ಬಾವಿಯಿಂದ ಕೊಡದ ಮೇಲೆ ಕೊಡ ಸೇದಿ ಕಲ್ಲಿನ ಮೇಲೆ ಸುರಿದೆ. ಉಪ್ಪಿನ ಅಂಶವೇ ಉಳಿಯಬಾರದು ಎಂಬ ಛಲ. ಎರಡು ದಿನ ಬಿಟ್ಟು ನೋಡಿದರೆ ನಾತ ಮೊದಲಿಗಿಂತ ಜೋರು. ಆಗ ಪ್ರೊಫೆಸರರ ಉಳಿದರ್ಧ ಪಾಠ ನೆನಪಿಗೆ ಬಂತು. ಈ ಜೀವಗಳು ಉಪ್ಪಿಗೆ ಹೆದರುವುದಕ್ಕಿಂತ ಹಠಾತ್ ಬದಲಾವಣೆಗೆ ಹೆಚ್ಚು ಹೆದರುತ್ತವೆ, ನಿಧಾನವಾಗಿ ಏರಿಸಿದರೆ ಎಷ್ಟೋ ಉಪ್ಪನ್ನು ತಡೆದುಕೊಳ್ಳುತ್ತವೆ, ಇಳಿಸುವಾಗಲೂ ನಿಧಾನವಾಗಿಯೇ ಇಳಿಸಬೇಕು ಎಂದಿದ್ದರು ಅವರು. ಕಷ್ಟಪಟ್ಟು ಉಪ್ಪು ನೀರಿಗೆ ಮೈ ಒಗ್ಗಿಸಿಕೊಂಡಿದ್ದ ಬಡಪಾಯಿಗಳ ಮೇಲೆ ನಾನು ಸಿಹಿ ನೀರಿನ ಪ್ರವಾಹ ಹರಿಸಿದ್ದೆ. ಇದನ್ನು ಶಾರದಳಿಗೆ ಹೇಳಿದೆ. ಅವಳು ಮಗುವಿನ ತಲೆ ಬಾಚುತ್ತಾ, “ಅಂದ್ರೆ ಉಪ್ಪು ಹಾಕ್ದಾಗ ಅರ್ಧ ಸತ್ವು, ತೆಗೆದಾಗ ಇನ್ನರ್ಧ. ಗಂಗಮ್ಮನೋರು ಓದಿಲ್ಲ, ಬುಡಿ. ನೀವು ಓದಿ ಏನ್ಮಾಡಿದ್ರಿ?” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಹೊಸ ಸೊಸೇನೂ ಅಷ್ಟೇ ಕಣ್ರೀ. ನಿಮ್ಮಮ್ಮನ ಮನೆ ಖಾರಕ್ಕೆ ನಾನು ಒಂದೇ ದಿನಕ್ಕೆ ಒಗ್ಗಿಕೊಂಡ್ನಾ?” ಎಂದಳು. ಎಷ್ಟು ದಿನ ಹಿಡಿಯಿತು ಎಂದು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

ಆಮೇಲೆ ನಾವು ತೊಟ್ಟಿಗೆ ಬಾಣಂತನ ಮಾಡಿದೆವು. ಬಾಚಿ ತೆಗೆದ ಉಪ್ಪನ್ನೇ ಸ್ವಲ್ಪ ಕರಗಿಸಿ, ಅದಕ್ಕೆ ಬಾವಿ ನೀರನ್ನು ದಿನಕ್ಕೆ ಇಷ್ಟಿಷ್ಟೇ ಹೆಚ್ಚಿಸಿ ಬೆರೆಸಿ ಬಿಡುವುದು. ಉಪ್ಪು ಅಷ್ಟಾಗಿ ತಾಗದಿದ್ದ ಒಂದು ಮೂಲೆಯ ತಳದಿಂದ ಲೋಳೆ ಇದ್ದ ಕಲ್ಲುಗಳನ್ನು ತೆಗೆದು ಮೇಲಿಡುವುದು. ಶಾರದ ಇದಕ್ಕೆ ಹೆಪ್ಪು ಹಾಕುವುದು ಎಂದು ಹೆಸರಿಟ್ಟಳು. ಬಳಲಿದವುಗಳ ಮೇಲೆ ಕೆಲಸದ ಹೊರೆ ಹೇರಬಾರದೆಂದು ಗಂಜಲದ ಬಹುಪಾಲನ್ನು ಬಕೆಟ್ಟಿನಲ್ಲಿ ಹಿಡಿದು ದೂರದ ತಿಪ್ಪೆಗೆ ಹೊತ್ತು ಹಾಕುವುದು. ಈ ಕೊನೆಯ ಕೆಲಸ ನನ್ನದು. ಬೆಳಿಗ್ಗೆ ಬೀದಿಯಲ್ಲಿ ಬಕೆಟ್ ಹಿಡಿದು ಹೋಗುವಾಗ ನನ್ನ ಶಿಷ್ಯರು “ನಮಸ್ಕಾರ ಸಾರ್” ಎನ್ನುತ್ತಿದ್ದರು. ಎರಡೂ ಕೈಗೆ ಬಿಡುವಿಲ್ಲದೆ ನಾನು ತಲೆಯಾಡಿಸುತ್ತಿದ್ದೆ. ಗಂಗಮ್ಮನವರು ಮಾತ್ರ ದಿನಾ ಸಂಜೆ ಬಂದು, ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸುವ ದನಿಯಲ್ಲಿ, “ಹೆಂಗಿದಾವೆ ಇವತ್ತು?” ಎಂದು ಕೇಳುತ್ತಿದ್ದರು. ಒಂದು ದಿನ ಅವರ ಕೈಯಲ್ಲಿ ಒಂದು ಲೋಟ ಹಾಲಿತ್ತು. ಅವುಗಳಿಗೆ ಹಾಲು ಬೇಡ ಎಂದು ತಿಳಿಸಿ ಹೇಳಿ ಅದನ್ನು ಮಗುವಿಗೆ ಕುಡಿಸಿದೆವು. ಹಬ್ಬ ಹತ್ತಿರವಾದಂತೆ ಶಾರದ ಮಾತು ಕಡಿಮೆ ಮಾಡಿದಳು. ಕೆಂಪಿಯ ಮೈ ತಿಕ್ಕುವುದು ಜಾಸ್ತಿಯಾಯಿತು. ಅವಳ ಟ್ರಂಕು ಅಟ್ಟದಿಂದ ಇಳಿದು ಕೋಣೆಯ ಮೂಲೆಗೆ ಬಂದದ್ದನ್ನು ನೋಡಿಯೂ ನಾನು ನೋಡದವನಂತೆ ಇದ್ದೆ.

ಹಬ್ಬದ ಹಿಂದಿನ ದಿನ ಗಂಗಮ್ಮನವರ ಮಗಳು ಅಳಿಯ ಬಂದಿಳಿದರು. ಅಳಿಯಂದಿರು ಹಿತ್ತಲ ಜಗಲಿಗೆ ಬಂದು ಕೂತರು. ನಾನು ಕಿಟಕಿಯ ಸಂದಿಯಿಂದ ಅವರ ಮೂಗನ್ನೇ ನೋಡುತ್ತಿದ್ದೆ. ಪರೀಕ್ಷೆಯ ಫಲಿತಾಂಶದ ದಿನ ನನ್ನ ವಿದ್ಯಾರ್ಥಿಗಳು ಯಾಕೆ ಹಾಗಿರುತ್ತಾರೆ ಎಂದು ಅಂದು ಗೊತ್ತಾಯಿತು. ಅವರು ಕಾಫಿ ಕುಡಿದರು, ಪೇಪರ್ ಓದಿದರು, ಆಮೇಲೆ ಗೋಡೆಗೆ ಒರಗಿ ನಿದ್ದೆ ಹೋದರು. ಗಂಗಮ್ಮನವರು ಸದ್ದಿಲ್ಲದೆ ತೊಟ್ಟಿಯ ಹತ್ತಿರ ಹೋಗಿ, ಬಗ್ಗಿ, ಎದೆ ತುಂಬ ಉಸಿರೆಳೆದುಕೊಂಡರು. ಹಿಡಿದ ಸೊಂಟವನ್ನೂ ಮರೆತು ನೆಟ್ಟಗೆ ನಿಂತು, ಕಿಟಕಿಯತ್ತ ತಿರುಗಿ, “ಏನೂ ಬತ್ತಿಲ್ವಲ್ಲ ಮೇಷ್ಟ್ರೇ,” ಎಂದರು. ಮಾರನೆಯ ದಿನ ಮಗಳ ಕೈಯಿಂದ ಶಾರದಳಿಗೆ ಬಾಗಿನ ಕೊಡಿಸಿದರು, ಕೆಂಪಿಗೆ ಬಾಳೆಹಣ್ಣು ತಿನ್ನಿಸಿದರು, ತೊಟ್ಟಿಯ ಅಂಚಿನಲ್ಲಿ ಒಂದು ಸೇವಂತಿಗೆ ಹೂವಿಟ್ಟರು. “ಅವಕ್ಕೆ ಕಾಣಕಿಲ್ಲ, ಗೊತ್ತು. ಆದ್ರೂ ಇರ್ಲಿ,” ಎಂದರು. ಟ್ರಂಕು ಸಂಜೆಯೇ ಅಟ್ಟಕ್ಕೆ ಹೋಯಿತು; ಹತ್ತಿಸಿದವನು ನಾನೇ. ಕಣ್ಣಿಗೆ ಕಾಣದೆ, ಹೆಸರು ಹೇಳಿಕೊಳ್ಳದೆ, ಕೆಂಪಿಯನ್ನೂ ಅದರ ಹಿಂದೆ ಹೊರಡಲಿದ್ದ ನನ್ನ ಸಂಸಾರವನ್ನೂ ಉಳಿಸಿಕೊಟ್ಟ ಆ ಜೀವಗಳಿಗೆ ನಾನು ಇವತ್ತಿಗೂ ಕೃತಜ್ಞ.

ಈಗ ಗಂಗಮ್ಮನವರಿಲ್ಲ. ನಮಗೆ ಸ್ವಂತ ಮನೆಯಾಗಿದೆ, ಹಿತ್ತಲಲ್ಲಿ ಕೆಂಪಿಯ ಮೊಮ್ಮಗಳಿದೆ, ಹೊಸದೊಂದು ಜಲ್ಲಿ ತೊಟ್ಟಿಯಿದೆ. ಈಚೆಗೆ ಡಾಕ್ಟರು ನನ್ನ ರಕ್ತದೊತ್ತಡ ನೋಡಿ ಉಪ್ಪು ಕಡಿಮೆ ಮಾಡಲೇಬೇಕು ಎಂದರು. ಮನೆಗೆ ಬಂದು, ಸಪ್ಪೆ ಸಾರು ಉಂಡು ಬದುಕುವುದಕ್ಕಿಂತ ರುಚಿಯಾಗಿ ಉಂಡು ಸಾಯುವುದು ಮೇಲು, ನನ್ನ ಸಾರಿನ ತಂಟೆಗೆ ಯಾರೂ ಬರಕೂಡದು ಎಂದು ಭಾಷಣ ಮಾಡಿದೆ. “ಆಯ್ತು ಬುಡಿ,” ಎಂದಳು ಶಾರದ. ಸಾರು ಎಂದಿನಂತೆ ರುಚಿಯಾಗಿಯೇ ಬರುತ್ತಿತ್ತು. ಕೆಲವು ತಿಂಗಳ ನಂತರ ಡಾಕ್ಟರು ಬೆನ್ನು ತಟ್ಟಿ, ಭೇಷ್, ಒತ್ತಡ ಇಳಿದಿದೆ ಎಂದಾಗ, ಉಪ್ಪನ್ನು ನಾನು ಒಂದು ಹರಳೂ ಬಿಟ್ಟಿಲ್ಲ ಸ್ವಾಮಿ, ನಿಮ್ಮ ಶಾಸ್ತ್ರವೇ ತಪ್ಪು ಎಂದು ಅವರಿಗೂ ಪಾಠ ಮಾಡಿ ಬಂದೆ. ಮೊನ್ನೆ ತುರುವೇಕೆರೆಯಲ್ಲಿ ಒಂದು ಮದುವೆ. ಮೊದಲ ತುತ್ತಿಗೇ ಬಾಯಿ ಕಹಿಯಾಗುವಷ್ಟು ಉಪ್ಪು. ಅಡಿಗೆಯವನನ್ನು ಕರೆದು ಬೈದೆ. ಪಂಕ್ತಿಯಲ್ಲಿದ್ದವರೆಲ್ಲ ಸಾರು ಹದವಾಗಿದೆಯಲ್ಲ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ಮನೆಗೆ ಬಂದು ಹೆಂಡತಿಯ ಮುಖ ನೋಡಿದೆ. ಅವಳು ನಗು ತಡೆದುಕೊಂಡು, “ದಿನಾ ಒಂದೊಂದು ಹರಳು ಕಮ್ಮಿ ಮಾಡ್ಕೊಂಡು ಬಂದೆ. ತೊಟ್ಟಿ ಹುಳಕ್ಕೇ ಗೊತ್ತಾಗ್ನಿಲ್ಲ, ನಿಮಗೆ ಗೊತ್ತಾಗ್ತದಾ?” ಎಂದಳು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದರು ಗಾದೆ ಮಾಡಿದವರು. ಉಪ್ಪು ಕದ್ದವಳನ್ನು ಎಲ್ಲಿಯ ತನಕ ನೆನೆಯಬೇಕೆಂದು ಹೇಳದೆ ಹೋದರು.